2,899 ರೂಪಾಯಿ ಹೈಡ್ರೋಪೋನಿಕ್ಸ್ ಕಿಟ್, 60 ರೂಪಾಯಿ ಬೇಕರಿ ಬಕೆಟ್: ಎಂಟು ತಿಂಗಳು ಬಳಸಿ ನೋಡಿದ ರಿವ್ಯೂ

ನಮ್ದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಮೂರನೇ ಫ್ಲೋರ್ ಬಾಡಿಗೆ ಮನೆ, ಪೂರ್ವಕ್ಕೆ ಒಂದು ಸಣ್ಣ ಬಾಲ್ಕನಿ, ಬೆಳಿಗ್ಗೆ ಏಳರಿಂದ ಹನ್ನೊಂದೂವರೆ ತನಕ ಒಳ್ಳೆ ಬಿಸಿಲು ಬೀಳುತ್ತೆ. ಮಣ್ಣಿನ ಕುಂಡ ಇಟ್ರೆ ಕೆಳಗಿನ ಮನೆಯವರು ಒಣಗಾಕಿದ ಬಟ್ಟೆ ಮೇಲೆ ಕೆಸರು ನೀರು ಸೋರುತ್ತೆ, ಅದಕ್ಕೇ ಫೆಬ್ರವರೀಲಿ ಆನ್‌ಲೈನಲ್ಲಿ ಒಂದು ಹೈಡ್ರೋಪೋನಿಕ್ಸ್ ಕಿಟ್, ಅಂದ್ರೆ ಮಣ್ಣಿಲ್ದೇ ಗೊಬ್ಬರ ಕರಗಿಸಿದ ನೀರಲ್ಲೇ ಗಿಡ ಬೆಳೆಸೋ ಸೆಟ್ ತರಿಸಿದೆ, ಡಿಸ್ಕೌಂಟ್ ಎಲ್ಲಾ ಹೋಗಿ 2,899 ರೂಪಾಯಿ. ಕಂಪನಿ ಹೆಸರು ಹಾಕ್ತಿಲ್ಲ, ಈ ರೇಟಲ್ಲಿ ಸಿಗೋ ಬೇರೆ ಕಿಟ್‌ಗಳ ಡಬ್ಬದೊಳಗೂ ಹೆಚ್ಚುಕಮ್ಮಿ ಇದೇ ಸಾಮಾನು ಇರುತ್ತೆ.

ಡಬ್ಬದಲ್ಲಿ ಬಂದಿದ್ದು ಹನ್ನೆರಡು ತೂತಿನ ಪಿವಿಸಿ ಪೈಪ್ ಸೆಟ್, ಸಣ್ಣ ಸಬ್‌ಮರ್ಸಿಬಲ್ ಪಂಪ್, ನೆಟ್ ಪಾಟ್ (ಗಿಡ ಕೂರಿಸೋ ಜಾಲರಿ ಕಪ್), ಕ್ಲೇ ಬಾಲ್ಸ್ (ಅದ್ರೊಳಗೆ ತುಂಬೋ ಸುಟ್ಟ ಜೇಡಿಮಣ್ಣಿನ ಉಂಡೆ), ಎ ಮತ್ತೆ ಬಿ ಅಂತ ಎರಡು ಬಾಟ್ಲಿ ನ್ಯೂಟ್ರಿಯಂಟ್ (ನೀರಿಗೆ ಹಾಕೋ ಗೊಬ್ಬರ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡೋ ಡ್ರಾಪ್ಸ್, ಒಂದು ಟಿಡಿಎಸ್ ಪೆನ್ (ನೀರಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ತೋರಿಸೋ ಮೀಟರ್), ಲೆಟ್ಯೂಸ್ ಬೀಜ. ಜೋಡಿಸೋಕೆ ಮುಕ್ಕಾಲು ಗಂಟೆ ಸಾಕಾಯ್ತು, ಇವತ್ತಿನವರೆಗೂ ಒಂದು ತೊಟ್ಟು ಸೋರಿಲ್ಲ, ಫಿಟಿಂಗ್ ಬಗ್ಗೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್. ಬಾಟ್ಲಿ ಮಾಲೂ ಚೆನ್ನಾಗಿತ್ತು.

ತೊಂದ್ರೆ ಇದ್ದಿದ್ದು ಜೊತೆಗೆ ಕೊಟ್ಟ ಚೀಟೀಲಿ. ಅದ್ರಲ್ಲಿ "ಟಿಡಿಎಸ್ 800 ಬರೋವರೆಗೂ ಎ-ಬಿ ಹಾಕಿ" ಅಂತಿತ್ತು ಅಷ್ಟೇ, ಮೊದಲು ನಿಮ್ಮ ನೀರು ಎಷ್ಟಿದೆ ನೋಡ್ಕೊಳ್ಳಿ ಅಂತ ಎಲ್ಲೂ ಬರೆದಿರ್ಲಿಲ್ಲ. ನಮ್ಮ ನಲ್ಲೀಲಿ ಬರೋದು ಬೋರ್‌ವೆಲ್ ನೀರು, ಏನೂ ಹಾಕದೇ ಇದ್ದಾಗ್ಲೇ ಪೆನ್ 680 ತೋರಿಸ್ತಿತ್ತು, ನಾನು 800ಕ್ಕೆ ನಿಲ್ಲಿಸಿದೆ, ಅಂದ್ರೆ ಗಿಡಕ್ಕೆ ನಿಜವಾಗ್ಲೂ ಸಿಕ್ಕಿದ ಗೊಬ್ಬರ ಬರೀ 120, ಉಳಿದಿದ್ದೆಲ್ಲಾ ನೀರಲ್ಲಿ ಮೊದಲೇ ಇದ್ದ ಸುಣ್ಣ, ಉಪ್ಪು. ಪೆನ್ನಿಗೆ ಅದು ಗೊಬ್ಬರನೋ ಉಪ್ಪೋ ಗೊತ್ತಾಗಲ್ಲ, ಕರಗಿರೋದೆಲ್ಲಾ ಸೇರಿಸಿ ಒಂದು ನಂಬರ್ ತೋರಿಸುತ್ತೆ ಅಷ್ಟೇ. ಎರಡು ವಾರಕ್ಕೆ ಗಿಡ ಬೆಳೆಯೋದೇ ನಿಂತುಹೋಯ್ತು, ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ ಲಕ್ಷಣ, ಆದ್ರೆ ಬಾಟ್ಲೀಲಿ ಕಬ್ಬಿಣ ಇತ್ತು, ಬೋರ್ ನೀರಿಗೆ ಪಿಎಚ್ ಮೇಲಕ್ಕೆ ಹತ್ತುತ್ತಲೇ ಇರುತ್ತೆ, 7 ದಾಟಿದ್ಮೇಲೆ ಆ ಕಬ್ಬಿಣ ನೀರಲ್ಲಿದ್ರೂ ಬೇರು ಎಳ್ಕೊಳ್ಳೋಕಾಗಲ್ಲ. ಪಿಎಚ್ 5.5ರಿಂದ 6.5 ಒಳಗಿರಬೇಕು. ನಿಂಬೆರಸ ಹಿಂಡಿ ನೋಡಿದೆ, ಮಾರನೇ ದಿನಕ್ಕೆ ವಾಪಸ್ ಅಲ್ಲೇ ಬಂದು ನಿಂತಿತ್ತು, ಕೊನೆಗೆ ಫಾಸ್ಫಾರಿಕ್ ಆಸಿಡ್ ಇರೋ ಪಿಎಚ್ ಡೌನ್ ತಗೊಂಡ್ಮೇಲೇ ಸರಿಹೋಗಿದ್ದು.

ಈಗ ಮಾಡ್ತಿರೋದು ಇಷ್ಟು: ಮೂರು ಪಾಲು ಆರ್‌ಓ ನೀರು (ಉಪ್ಪು ತೆಗೆಯೋ ಫಿಲ್ಟರ್ ನೀರು), ಒಂದು ಪಾಲು ನಲ್ಲಿ ನೀರು, ಮಿಕ್ಸ್ ಮಾಡಿದ್ರೆ 200 ಹತ್ರ ಬರುತ್ತೆ, ಅದಕ್ಕೆ ಎ-ಬಿ ಹಾಕಿ 850ಕ್ಕೆ ತರ್ತೀನಿ. ಆರ್‌ಓ ವೇಸ್ಟ್ ನೀರನ್ನ ಮಾತ್ರ ಗಿಡಕ್ಕೆ ಹಾಕ್ಬೇಡಿ, ಅದ್ರಲ್ಲಿ ಉಪ್ಪು ಇನ್ನೂ ಜಾಸ್ತಿ, ನೆಲ ಒರೆಸೋಕೆ ಇಟ್ಕೊಳ್ಳಿ. ಮಳೆಗಾಲದಲ್ಲಿ ಆರ್‌ಓ ಕೂಡ ಬೇಕಾಗಲ್ಲ, ಮೊದಲ ಎರಡು ಮಳೆ ಬಿಟ್ಟು ಆಮೇಲೆ ಟೆರೇಸ್ ಪೈಪ್‌ನಿಂದ ಹಿಡ್ಕೊಂಡ್ರೆ ಅದಕ್ಕಿಂತ ಒಳ್ಳೆ ನೀರು ಇನ್ನೊಂದಿಲ್ಲ. ಇನ್ನೊಂದು ಮುಖ್ಯವಾದ್ದು, ಎ ಮತ್ತೆ ಬಿ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಒಂದ್ರಲ್ಲಿ ಕ್ಯಾಲ್ಸಿಯಂ, ಇನ್ನೊಂದ್ರಲ್ಲಿ ಸಲ್ಫೇಟ್ ಫಾಸ್ಫೇಟ್ ಇರುತ್ತೆ, ಸೇರಿದ ತಕ್ಷಣ ಬೆಳ್ಳಗೆ ಗಸಿ ಕಟ್ಟಿ ಎಲ್ಲಾ ತಳಕ್ಕೆ ಕೂತ್ಕೊಳ್ಳುತ್ತೆ. ಮೊದಲು ನೀರಿಗೆ ಎ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬಿ.

ಏಪ್ರಿಲ್‌ನಲ್ಲಿ ಪಂಪಿನ ಸಮಸ್ಯೆ ಶುರುವಾಯ್ತು. ಈ ಪೈಪ್ ಕಿಟ್‌ನಲ್ಲಿ ಬೇರಿನ ಕೆಳಗೆ ತೆಳ್ಳಗೆ ನೀರು ಹರೀತಾ ಇರಬೇಕು, ಪಂಪ್ ನಿಂತ್ರೆ ನೀರೆಲ್ಲಾ ಕೆಳಗಿನ ಡಬ್ಬಕ್ಕೆ ಇಳಿದು ಬೇರು ಗಾಳೀಲಿ ನೇತಾಡುತ್ತೆ. ಒಂದು ದಿನ ನಾನು ಆಫೀಸಲ್ಲಿದ್ದಾಗ ನಾಲ್ಕು ಗಂಟೆ ಕರೆಂಟ್ ಹೋಗಿದೆ, ಸಂಜೆ ಬಂದು ನೋಡಿದ್ರೆ ಹನ್ನೆರಡ್ರಲ್ಲಿ ಒಂಬತ್ತು ಗಿಡ ಬಾಡಿ ಮಲಗಿದ್ವು, ತಿಂಗಳಿಡೀ ನೋಡ್ಕೊಂಡಿದ್ದು, ತುಂಬಾ ಬೇಜಾರಾಯ್ತು. ಯುಪಿಎಸ್ ಇರೋರಿಗೆ ಪರವಾಗಿಲ್ಲ, ಇಲ್ದೇ ಇದ್ರೆ ಬೇಸಿಗೇಲಿ ಈ ಕಿಟ್ ನಂಬ್ಕೊಂಡು ಊರಿಗೆ ಹೋಗೋಕಾಗಲ್ಲ.

ಅದಾದ್ಮೇಲೇ ಬಕೆಟ್‌ಗೆ ಬಂದಿದ್ದು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅನ್ನೋರ ಹೆಸರಲ್ಲೇ ಕರೆಯೋ ವಿಧಾನ ಇದು, ಪಂಪ್ ಇಲ್ಲ, ಕರೆಂಟ್ ಇಲ್ಲ. ನಮ್ಮ ಏರಿಯಾ ಬೇಕರೀಲಿ ವನಸ್ಪತಿ ಖಾಲಿಯಾದ 15 ಲೀಟರ್ ಬಕೆಟ್ ಮುಚ್ಚಳ ಸಮೇತ 60 ರೂಪಾಯಿಗೆ ಕೊಟ್ರು, ಬಿಸಿನೀರು ಸೋಪು ಹಾಕಿ ಮೂರು ಸಲ ಉಜ್ಜಿದ್ಮೇಲೆ ಜಿಡ್ಡು ಹೋಯ್ತು. ಮುಚ್ಚಳದಲ್ಲಿ ಮೂರು ತೂತು, ಹೊರಗಡೆ ಕಪ್ಪು ಪೇಂಟ್, ಅದ್ರ ಮೇಲೆ ಬಿಳಿ ಪೇಂಟ್. ಕಪ್ಪು ಯಾಕಂದ್ರೆ ಒಳಗೆ ಬೆಳಕು ಹೋದ್ರೆ ಪಾಚಿ ಕಟ್ಟುತ್ತೆ, ಬಿಳಿ ಯಾಕಂದ್ರೆ ನೀರು ಕಾಯ್ಬಾರ್ದು, ಬಿಸಿಯಾದ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿ ಬೇರು ಕೊಳೆಯುತ್ತೆ. ಶುರೂಲಿ ನೆಟ್ ಪಾಟ್ ತಳ ಮುಟ್ಟೋ ಹಾಗೆ ನೀರು ತುಂಬಿ, ಗಿಡ ಕುಡೀತಾ ಕುಡೀತಾ ನೀರು ಇಳಿದಷ್ಟೂ ಮೇಲಿನ ಬೇರು ಗಾಳಿ ಎಳ್ಕೊಳ್ಳೋ ಬೇರಾಗುತ್ತೆ. ನೀರು ಕಮ್ಮಿ ಆಯ್ತು ಅಂತ ಪಾಪ ಅನ್ಸಿ ವಾಪಸ್ ಪೂರ್ತಿ ತುಂಬಿದ್ರೆ ಆ ಬೇರು ಉಸಿರುಕಟ್ಟಿ ಹೋಗುತ್ತೆ, ನನ್ನ ಮೊದಲ ಬಕೆಟ್ ಹಾಳಾಗಿದ್ದು ಹಾಗೇ. ತೀರಾ ತಳ ಕಂಡ್ರೆ ಮಾತ್ರ ಸ್ವಲ್ಪ ಸೇರಿಸಿ. ಒಂದು ಲೆಟ್ಯೂಸ್‌ಗೆ ಕಟಾವಿನ ತನಕ ಹೆಚ್ಚುಕಮ್ಮಿ 4 ಲೀಟರ್ ಲೆಕ್ಕ ಇಟ್ಕೊಳ್ಳಿ. ಮುಚ್ಚಳದ ಸಂದಿಗೆಲ್ಲಾ ಸ್ಪಂಜ್ ತುರುಕಲೇಬೇಕು, ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥಾ ನಿಂತ ತಿಳಿ ನೀರಲ್ಲೇ, ಇದ್ರಲ್ಲಿ ಉದಾಸೀನ ಮಾಡ್ಬೇಡಿ.

ಖರ್ಚು ಹೇಳ್ತೀನಿ. ಮೂರು ಬಕೆಟ್ 180, ಒಂದು ಡಜನ್ ನೆಟ್ ಪಾಟ್ 72, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 40, ಟಿಡಿಎಸ್ ಪೆನ್ ಬೇರೆ ತಗೊಂಡ್ರೆ 280, ಎ-ಬಿ 320, ಬೀಜ 60, ಒಟ್ಟು 952 ರೂಪಾಯಿ, ಪಿಎಚ್ ಡ್ರಾಪ್ಸ್ ಸೇರಿದ್ರೆ 1,100 ಆಗಬಹುದು. ಇನ್ನೂ ಉಳಿಸೋಣ ಅಂತ ಗೊಬ್ಬರದಂಗಡಿ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರೋ ಗೊಬ್ಬರ) ಹಾಕೋಕೆ ಹೋಗ್ಬೇಡಿ, ನಾನು ಒಂದು ಬಕೆಟ್‌ಗೆ ಹಾಕಿ ನೋಡಿದೀನಿ. ಅದ್ರಲ್ಲಿರೋ ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಲ್ಲಿರುತ್ತೆ, ಮಣ್ಣಲ್ಲಾದ್ರೆ ಸೂಕ್ಷ್ಮಜೀವಿಗಳು ಅದನ್ನ ಗಿಡಕ್ಕೆ ಬೇಕಾದ ಹಾಗೆ ಬದಲಾಯಿಸಿ ಕೊಡ್ತವೆ, ಬರೀ ನೀರಲ್ಲಿ ಆ ಕೆಲಸ ಸರಿಯಾಗಿ ನಡೆಯಲ್ಲ, ಮೇಲಿಂದ ಕ್ಯಾಲ್ಸಿಯಂ ಬೇರೆ ಇಲ್ಲ.

ಬೆಳೆ ವಿಷಯಕ್ಕೆ ಬಂದ್ರೆ ಲೆಟ್ಯೂಸ್ 40-45 ದಿನಕ್ಕೆ ತಿನ್ನೋ ಹಾಗಾಗುತ್ತೆ, ಆದ್ರೆ ಏಪ್ರಿಲ್ ಮೇ ಬಿಸಿಲಿಗೆ ಬೇಗ ಹೂ ಕಟ್ಟಿ ಕಹಿಯಾಗುತ್ತೆ. ಬೇಸಿಗೇಗೆ ಹರಿವೆನೇ ಸರಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಿಂದ ಅರ್ಕಾ ಸುಗುಣ ಅನ್ನೋ ಹರಿವೆ ತಳಿ ಬೀಜ ತಂದಿದ್ದೆ, ಕೊಯ್ದ ಹಾಗೆ ಮತ್ತೆ ಚಿಗುರುತ್ತೆ, ಮೂರು ಸಲ ಸಾರಿಗೆ ಆಯ್ತು. ಪುದೀನಕ್ಕೆ ಬೀಜನೂ ಬೇಡ, ಮಾರ್ಕೆಟ್ ಕಟ್ಟಿನ ದಂಟು ನೀರಲ್ಲಿಟ್ರೆ ವಾರದಲ್ಲಿ ಬೇರು ಬಿಡುತ್ತೆ. ಕೊತ್ತಂಬರಿ ಬಂತು, ಆದ್ರೆ ಹತ್ತು ರೂಪಾಯಿಗೆ ಸಿಗೋ ಕಟ್ಟಿಗೆ ಇಷ್ಟು ಒದ್ದಾಡೋದು ನನಗೆ ಸರಿಕಾಣ್ಲಿಲ್ಲ. ಟೊಮ್ಯಾಟೋಗೆ ನಾಲ್ಕೂವರೆ ಗಂಟೆ ಬಿಸಿಲು ಸಾಲಲ್ಲ, ಬಿಟ್ಟುಬಿಟ್ಟೆ.

ಕಿಟ್‌ಗೆ 5ಕ್ಕೆ ಎರಡೂವರೆ, ಬಕೆಟ್‌ಗೆ ನಾಲ್ಕೂವರೆ. ಕಿಟ್‌ನ ಪೆನ್ನು, ಬಾಟ್ಲಿ, ನೆಟ್ ಪಾಟ್ ಎಲ್ಲಾ ಇವತ್ತಿಗೂ ಉಪಯೋಗಕ್ಕೆ ಬರ್ತಿದೆ, ಪೈಪು ಪಂಪು ಮಾತ್ರ ಅಟ್ಟದ ಮೇಲಿದೆ.

ಜುಲೈನಲ್ಲಿ ಸಕಲೇಶಪುರದ ಕಡೆ ನಮ್ಮೂರಿಗೆ ಹೋದಾಗ ಒಂದು ಬಕೆಟ್ ತಗೊಂಡು ಹೋಗಿದ್ದೆ. ತೋಟ ಇರೋ ಮನೆಗೆ ಇದ್ಯಾಕೋ, ಮಣ್ಣಿಲ್ದೇ ಬೆಳೆದ ಸೊಪ್ಪು ಸೊಪ್ಪಾ ಅಂತ ಅಮ್ಮ ಕೇಳಿದ್ರು. ಆದ್ರೆ ಅಲ್ಲಿ ಆ ಮಳೇಗೆ ಸೊಪ್ಪಿನ ಮಡಿ ಎಲ್ಲಾ ಕೊಳೆತು ಹೋಗುತ್ತೆ, ಎರಡು ಮೂರು ತಿಂಗಳು ಪೇಟೆ ಸೊಪ್ಪೇ ಗತಿ. ಬಾವಿ ನೀರಿಗೆ ಪೆನ್ ಅದ್ದಿದೆ, 58 ತೋರಿಸ್ತು, ಇಲ್ಲಿ ನಾನು ಆರ್‌ಓ ಹಾಕಿ ಒದ್ದಾಡೋ ನೀರು ಅಲ್ಲಿ ಹಗ್ಗ ಎಳೆದ್ರೆ ಬರುತ್ತೆ. ನೇರ ಎ-ಬಿ ಹಾಕಿ, ಜಗುಲಿ ಅಂಚಲ್ಲಿ ಮಳೆ ಎರಚಲು ಬೀಳದ ಕಡೆ ಹರಿವೆ ಇಟ್ಟು ಬಂದೆ. ಆಗಸ್ಟ್ ಕೊನೇಲಿ ಅಮ್ಮ ಫೋನ್ ಮಾಡಿ, ನಿನ್ನ ಬಕೆಟ್ ಸೊಪ್ಪು ಎರಡನೇ ಸಲ ಕೊಯ್ದೆ ಕಣೋ, ಇನ್ನೆರಡು ಬಕೆಟ್ ತಗೊಂಡು ಬಾ ಅಂದ್ರು.