ಪ್ರಾಜೆಕ್ಟ್ ಫೈಲ್ ಮತ್ತು ಬಿಸಿಯು ಕೀ ಕೈಗೆ ಬರುವವರೆಗೆ ಕೊನೆಯ ಕಂತನ್ನು ಕೊಡಬೇಡಿ

ದೀಪ, ಎಸಿ, ಪರದೆಗಳನ್ನೆಲ್ಲ ಒಂದೇ ಜಾಲದಿಂದ ನಡೆಸುವ ಕೆಎನ್‌ಎಕ್ಸ್ ವ್ಯವಸ್ಥೆಯನ್ನು ತಮ್ಮ ಕಟ್ಟಡಕ್ಕೆ ಹಾಕಿಸಿಕೊಂಡಿರುವವರು ಮತ್ತು ಹಾಕಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ಪ್ರಾಜೆಕ್ಟ್ ಫೈಲ್ ಎಂದರೆ ಜಾಲದ ಜೋಡಣೆಯ ವಿವರವೆಲ್ಲ ಇರುವ ಕಡತ, ಬಿಸಿಯು ಕೀ ಎಂದರೆ ಸಾಧನಗಳಿಗೆ ಬೀಗ ಹಾಕುವ ಗುಪ್ತಸಂಖ್ಯೆ. ತುಮಕೂರಿನ ಬಿ.ಎಚ್. ರಸ್ತೆಯ ಬದಿಯಲ್ಲಿರುವ ನಾಲ್ಕು ಅಂತಸ್ತಿನ ಕಟ್ಟಡವೊಂದರ ವಿದ್ಯುತ್ ನಿರ್ವಹಣೆ ನನ್ನ ಹೊಣೆ. ನಾನು ಕೆಲಸಕ್ಕೆ ಸೇರುವ ಮೊದಲೇ ಹೊರಗಿನ ಗುತ್ತಿಗೆ ಸಂಸ್ಥೆಯೊಂದು ಈ ಜಾಲವನ್ನು ಅಳವಡಿಸಿ, ಹಣ ಪಡೆದು, ವಾರ್ಷಿಕ ನಿರ್ವಹಣೆಯ ಕರಾರನ್ನೂ ಮಾಡಿಕೊಂಡಿತ್ತು.

ಒಂದು ಬೆಳಿಗ್ಗೆ ಎರಡನೇ ಮಹಡಿಯ ಸ್ವಿಚ್ಚುಗಳನ್ನು ಒತ್ತಿದರೆ ಯಾವ ದೀಪವೂ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದ ಮಹಡಿಗಳಲ್ಲೂ ಬಹುಪಾಲು ಸ್ವಿಚ್ಚುಗಳದ್ದು ಅದೇ ಸ್ಥಿತಿ. ಬೆಸ್ಕಾಂ ವಿದ್ಯುತ್ ಇತ್ತು, ಎಂಸಿಬಿಗಳು ಬಿದ್ದಿರಲಿಲ್ಲ, ಸಾಧನಗಳನ್ನೆಲ್ಲ ಜೋಡಿಸುವ ಬಸ್ ಎಂಬ ಸಂದೇಶದ ಕೇಬಲಿನಲ್ಲಿ 29 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು. ಡಿಬಿಯೊಳಗೆ (ವಿದ್ಯುತ್ ಹಂಚುವ ಪೆಟ್ಟಿಗೆಯೊಳಗೆ) ದೀಪಗಳನ್ನು ಹೊತ್ತಿಸಿ ಆರಿಸುವ ಆಕ್ಚುಯೇಟರುಗಳ ಮೇಲೆ ಪ್ರತಿ ರಿಲೇಗೂ ಕೈಯಿಂದ ತಿರುಗಿಸುವ ಒಂದು ಸಣ್ಣ ಹಿಡಿ ಇದ್ದುದರಿಂದ ಅದನ್ನು ಒಂದೊಂದಾಗಿ ತಿರುಗಿಸಿ ಮೆಟ್ಟಿಲು ಮತ್ತು ಓಣಿಗಳ ದೀಪಗಳನ್ನು ಹೊತ್ತಿಸಿಟ್ಟೆವು. ಇಂಥ ಹಿಡಿ ಇಲ್ಲದ ಮಾದರಿಯನ್ನು ಯಾರಾದರೂ ಅಗ್ಗವೆಂದು ತೋರಿಸಿದರೆ ಒಪ್ಪಬೇಡಿ. ಆ ದಿನ ನಮ್ಮ ಬಾಡಿಗೆದಾರರು ಕತ್ತಲಲ್ಲಿ ಮೆಟ್ಟಿಲಿಳಿಯದಂತೆ ಕಾಪಾಡಿದ್ದು ಅದೊಂದೇ.

ಬೆಂಗಳೂರಿನಿಂದ ಕರೆಸಿದ ಬೇರೊಬ್ಬ ತಂತ್ರಜ್ಞರು ಲ್ಯಾಪ್‌ಟಾಪಿನಲ್ಲಿ ಈ ಸಾಧನಗಳಿಗೆ ಕಾರ್ಯಕ್ರಮ ತುಂಬುವ ಇಟಿಎಸ್ ತಂತ್ರಾಂಶ ತೆರೆದು ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು. ಸಾಧನಗಳು ಕೆಟ್ಟಿರಲಿಲ್ಲ. ಅವುಗಳೊಳಗಿನ ಕಾರ್ಯಕ್ರಮವನ್ನು ಯಾರೋ ಅಳಿಸಿ, ಆಮೇಲೆ ತಮ್ಮದೊಂದು ಬಿಸಿಯು ಕೀಯನ್ನು ಹಾಕಿ ಬೀಗ ಜಡಿದಿದ್ದರು. ಸಾಧನದ ಪ್ರೋಗ್ರಾಮಿಂಗ್ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಆದರೆ ಒಳಗೆ ಏನನ್ನೂ ಬರೆಯಲು ಅದು ಬಿಡುತ್ತಿರಲಿಲ್ಲ. ಈ ಕೀ 4 ಬೈಟ್ ಉದ್ದದ್ದು, ಅಂದರೆ ಸುಮಾರು 429 ಕೋಟಿ ಸಾಧ್ಯತೆಗಳಿವೆ. ಬಸ್ಸಿನ ವೇಗ ಸೆಕೆಂಡಿಗೆ ಬರೀ 9600 ಬಿಟ್. ಸೆಕೆಂಡಿಗೆ ಹತ್ತು ಕೀಗಳನ್ನು ಪ್ರಯತ್ನಿಸಿದರೂ ಎಲ್ಲವನ್ನೂ ಮುಗಿಸಲು 13 ವರ್ಷಕ್ಕೂ ಹೆಚ್ಚು ಬೇಕು.

ಹೊರಗಿನವರಿಗೆ ದಾರಿಯಾದದ್ದು ರೂಟರಿನಲ್ಲಿ ತೆರೆದಿಟ್ಟಿದ್ದ 3671ನೇ ಪೋರ್ಟ್, ಅಂದರೆ ಹೊರಗಿನಿಂದ ಈ ಜಾಲಕ್ಕೆ ಬರುವ ಬಾಗಿಲು. ತಮ್ಮ ಕಚೇರಿಯಲ್ಲಿ ಕುಳಿತೇ ಬದಲಾವಣೆ ಮಾಡಲು ಅನುಕೂಲವಾಗಲೆಂದು ಗುತ್ತಿಗೆ ಸಂಸ್ಥೆಯವರು ಅದನ್ನು ನೇರವಾಗಿ ಅಂತರ್ಜಾಲಕ್ಕೆ ಬಿಟ್ಟಿದ್ದರು, ಕಟ್ಟಡದ ಮಾಲೀಕರಿಗೆ ತಿಳಿಸಿರಲೂ ಇಲ್ಲ. ತಾವೇ ಒಂದು ಕೀ ಹಾಕುವ ಗೋಜಿಗೂ ಹೋಗಿರಲಿಲ್ಲ. ಕೀ ಹಾಕದ ಸಾಧನಕ್ಕೆ ಮೊದಲು ಬಂದವರು ಯಾರು ಬೇಕಾದರೂ ಕೀ ಹಾಕಬಹುದು. ಇದು ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. 2021ರಲ್ಲಿ ಜರ್ಮನಿಯ ಕಚೇರಿ ಕಟ್ಟಡವೊಂದರಲ್ಲಿ ನೂರಾರು ಸಾಧನಗಳ ಪೈಕಿ ಮುಕ್ಕಾಲು ಪಾಲು ಹೀಗೆಯೇ ಬೀಗಕ್ಕೆ ಸಿಕ್ಕಿದ್ದವು; 2023ರ ಆಗಸ್ಟ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದೇ ದೋಷದ ಬಗ್ಗೆ ಅಧಿಕೃತ ಎಚ್ಚರಿಕೆಯನ್ನೂ ಹೊರಡಿಸಿತ್ತು. ವೃತ್ತಿಯಾಗಿ ಇದೇ ಕೆಲಸ ಮಾಡುವವರಿಗೆ ಇದು ತಿಳಿದಿರಲೇಬೇಕಿತ್ತು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಆದರೆ ನಿಜವಾದ ಸಂಕಷ್ಟ ಶುರುವಾದದ್ದು ಇದರ ನಂತರ. ಬೀಗ ಬಿದ್ದ ಸಾಧನಗಳ ಬದಲಿಗೆ ಹೊಸದನ್ನು ತಂದು ಕೂರಿಸಿದರೂ, ಯಾವ ಸ್ವಿಚ್ಚಿನ ಯಾವ ಗುಂಡಿ ಯಾವ ರಿಲೇಗೆ ಆದೇಶ ಕೊಡಬೇಕು ಎಂಬ ವಿವರವೆಲ್ಲ ಇಟಿಎಸ್ ಪ್ರಾಜೆಕ್ಟ್ ಫೈಲಿನಲ್ಲಿರುತ್ತದೆ. ಆ ಫೈಲನ್ನು ಕೇಳಿದಾಗ ಸಂಸ್ಥೆಯವರು ಮೊದಲು ನಾಳೆ ಎಂದರು, ಬಳಿಕ ಆ ಕೆಲಸ ಮಾಡಿದ ಎಂಜಿನಿಯರ್ ಬಿಟ್ಟುಹೋಗಿದ್ದಾರೆ ಎಂದರು, ಕೊನೆಗೆ ಫೈಲು ತಮ್ಮ ಸ್ವತ್ತು, ಇಡೀ ಜಾಲವನ್ನು ತಮ್ಮಿಂದಲೇ ಹೊಸದಾಗಿ ಹಾಕಿಸಿಕೊಳ್ಳಿ ಎಂದು ದರಪಟ್ಟಿ ಕಳುಹಿಸಿದರು. ಮನೆ ಕಟ್ಟಿಸಿಕೊಂಡವರಿಗೆ ಬೀಗದ ಕೈ ಕೊಡದೆ ಹೋದಂತಾಯಿತು. ಬೀಗಕ್ಕೆ ಸಿಗದೆ ಉಳಿದಿದ್ದ ಕೆಲವು ಸ್ವಿಚ್ಚುಗಳನ್ನು ಒತ್ತಿದಾಗ ಬಸ್ಸಿನ ಸಂದೇಶಗಳನ್ನು ತೋರಿಸುವ ಬಸ್ ಮಾನಿಟರಿನಲ್ಲಿ, ಆದೇಶ ಯಾವುದಕ್ಕೆ ಹೋಗುತ್ತಿದೆ ಎಂಬುದರ ಗುರುತಾದ 1/2/14 ಎಂಬಂಥ ಗ್ರೂಪ್ ಅಡ್ರೆಸ್ಸುಗಳು ಕಾಣುತ್ತಿದ್ದವು, ಆದರೆ ಅದು ಯಾವ ಕೋಣೆಯ ಯಾವ ದೀಪವೆಂದು ಸಂಖ್ಯೆ ಹೇಳುವುದಿಲ್ಲ. ಹೆಸರುಗಳು ಫೈಲಿನಲ್ಲಷ್ಟೇ ಇರುತ್ತವೆ, ಬಸ್ಸಿನಲ್ಲಿ ಅಲ್ಲ. ಕೊನೆಗೆ ಒಬ್ಬರು ಡಿಬಿಯ ಮುಂದೆ ನಿಂತು ರಿಲೇ ತಿರುಗಿಸುವುದು, ಇನ್ನೊಬ್ಬರು ಕೋಣೆ ಕೋಣೆಗೆ ಹೋಗಿ ಹತ್ತಿದ್ದೇನೆಂದು ಫೋನಿನಲ್ಲಿ ಹೇಳುವುದು, ಹೀಗೆ ಇಡೀ ಕಟ್ಟಡದ ಪಟ್ಟಿಯನ್ನು ನಾವೇ ಬರೆದುಕೊಂಡೆವು.

ಬೀಗ ಬಿದ್ದ ಸಾಧನಗಳನ್ನು ಗುಜರಿಗೆ ಹಾಕಬೇಡಿ. ಜರ್ಮನಿಯ ಪ್ರಕರಣದಲ್ಲಿ ಆಸ್ಟ್ರಿಯದ ಲೈಮ್ಸ್ ಸೆಕ್ಯೂರಿಟಿಯ ತಜ್ಞರು ಸಾಧನದ ಮೆಮೊರಿಯನ್ನೇ ಓದಿ ಕೀ ಹೊರತೆಗೆದರು, ಒಂದೇ ಕೀ ಎಲ್ಲ ಸಾಧನಗಳಿಗೂ ಹೊಂದಿತು. ನಮ್ಮ ಸಾಧನಗಳಲ್ಲಿ ಕೆಲವನ್ನು ತಯಾರಕರು ಕಾರ್ಖಾನೆಯಲ್ಲಿ ತೆರೆದುಕೊಟ್ಟರು, ಉಳಿದವನ್ನು ಹಾಗೆಯೇ ಹಿಂದಿರುಗಿಸಿದರು. ಅವೆಲ್ಲ ಈಗಲೂ ಸ್ಟೋರಿನಲ್ಲಿವೆ.

ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನವೇ ಪ್ರಾಜೆಕ್ಟ್ ಫೈಲ್, ಅದರ ಪಾಸ್‌ವರ್ಡ್ ಮತ್ತು ಬಿಸಿಯು ಕೀ ಮಾಲೀಕರಿಗೆ ಸೇರತಕ್ಕದ್ದು ಎಂದು ಬರೆಸಿಕೊಳ್ಳಿ. ಫೈಲು ಸಿಕ್ಕಿದ ಮೇಲೆ ಸಂಬಂಧವಿಲ್ಲದ ಬೇರೊಬ್ಬ ತಂತ್ರಜ್ಞರಿಂದ ಅದನ್ನು ತೆರೆಸಿ, ಒಂದು ಸಾಧನಕ್ಕಾದರೂ ಡೌನ್‌ಲೋಡ್ ಮಾಡಿಸಿ ನೋಡಿ. ಹಳೆಯ ಪ್ರತಿಯನ್ನು ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಕೆಎನ್‌ಎಕ್ಸ್ ಸೆಕ್ಯೂರ್ ಎಂಬ, ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆಯಿರುವ ಸಾಧನಗಳಾದರೆ ಪ್ರತಿಯೊಂದರ ಮೇಲೂ ಕ್ಯೂಆರ್ ಕೋಡಿನ ಚೀಟಿ ಇರುತ್ತದೆ. ಕಾರ್ಖಾನೆಯಲ್ಲಿ ಕೊಟ್ಟ ಮೂಲ ಕೀ ಅದರಲ್ಲೇ ಇರುವುದರಿಂದ ಗೋಡೆಗೆ ಕೂರಿಸುವ ಮೊದಲೇ ಚೀಟಿಯನ್ನು ಕಿತ್ತು, ಸಾಧನದ ವಿಳಾಸದೊಂದಿಗೆ ಒಂದು ಪುಸ್ತಕದಲ್ಲಿ ಅಂಟಿಸಿ, ಕಟ್ಟಡದ ಪತ್ರಗಳ ಜೊತೆ ಬೀರುವಿನಲ್ಲಿಡಿ. ದೂರದಿಂದ ಕೆಲಸ ಮಾಡಲೇಬೇಕಾದರೆ ವಿಪಿಎನ್ (ಅಂತರ್ಜಾಲದ ಮೇಲಿನ ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಮಾತ್ರ ಅವಕಾಶ ಕೊಡಿ. ಜಾಲ ಈಗಾಗಲೇ ಇರುವವರು ಇವೊತ್ತೇ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟವನ್ನು ತೆರೆದು ನೋಡಿ, 3671 ಎಂಬ ಸಂಖ್ಯೆ ಅಲ್ಲಿ ಕಂಡರೆ ಗುತ್ತಿಗೆದಾರರ ಉತ್ತರಕ್ಕೆ ಕಾಯದೆ ತೆಗೆದುಹಾಕಿ.