ಜರ್ಮನಿಗೆ ಒಂದು ಸೆಮಿಸ್ಟರ್ ಹೊರಟಿದ್ದೀರಾ? ಪರೀಕ್ಷೆಗೆ ಹೆಸರು ಹಾಕಿದ್ದೀರಾ ನೋಡಿಕೊಳ್ಳಿ

ದಾವಣಗೆರೆ ಕಡೆಯಿಂದ ಎಕ್ಸ್‌ಚೇಂಜ್ ಅಂತ ಜರ್ಮನಿಗೆ ಹೊರಟಿರುವ ಕಂಪ್ಯೂಟರ್ ಸೈನ್ಸ್‌ನವರು ಇದನ್ನು ಪೂರ್ತಿ ಓದಿ. ಒಂದು ಮೇಲ್‌ನಿಂದ ನನ್ನ ಒಂದು ವರ್ಷ ಹೋಯಿತು.

2024ರ ಅಕ್ಟೋಬರ್‌ನಲ್ಲಿ ಹೋದೆ, ಐದನೇ ಸೆಮಿಸ್ಟರ್‌ಗೆ. ಕಾಲೇಜಿನ ಹೆಸರು, ಅಲ್ಲಿನ ಯೂನಿವರ್ಸಿಟಿ ಹೆಸರು ಬೇಡ ಬಿಡಿ. ವೀಸಾಗೆ ಆಗ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ದುಡ್ಡು ಇಡಬೇಕಿತ್ತು. ಆರು ತಿಂಗಳಿಗೆ 5,952 ಯೂರೋ, ಅಂದರೆ ಐದೂವರೆ ಲಕ್ಷದ ಹತ್ತಿರ. ಅಪ್ಪ ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಹಾಕಿದರು, ಅದೂ ಸಾಲದೆ ಸೊಸೈಟಿಯಲ್ಲಿ ಸಾಲ ಮಾಡಿದರು. ವೀಸಾ ಕಾಗದ ನೋಡಿಕೊಂಡ ಕನ್ಸಲ್ಟೆನ್ಸಿಯವರು ಏರ್‌ಪೋರ್ಟ್‌ವರೆಗೆ ಮಾತ್ರ ನೆಂಟರು, ಆಮೇಲೆ ಫೋನೇ ಎತ್ತಲಿಲ್ಲ.

ಅಲ್ಲಿ ರೂಮ್‌ಗೆ ಹೋದ ಎರಡು ವಾರದೊಳಗೆ ನಗರದ ಆಫೀಸಿನಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ 'ಆನ್‌ಮೆಲ್ಡುಂಗ್' ಅಂತಾರೆ. ಈ ಪದ ನೆನಪಿಟ್ಟುಕೊಳ್ಳಿ. ಓನರ್ ಹತ್ತಿರ ಸಹಿ ಹಾಕಿಸಿಕೊಂಡು, ಅಪಾಯಿಂಟ್‌ಮೆಂಟ್ ಸಿಗದೆ ಬೆಳಿಗ್ಗೆ ಎದ್ದ ತಕ್ಷಣ ವೆಬ್‌ಸೈಟ್ ಒತ್ತಿ ಒತ್ತಿ, ಕೊನೆಗೆ ಆ ಕಾಗದ ಕೈಗೆ ಬಂದಾಗ ಫೋಟೋ ತೆಗೆದು ಮನೆಯವರ ಗ್ರೂಪ್‌ಗೆ ಹಾಕಿದ್ದೆ. ಅಮ್ಮ "ಇದೇನು ಮಾರ್ಕ್ಸ್ ಕಾರ್ಡಾ?" ಅಂತ ಕೇಳಿದ್ದರು.

ಪಾಠದ ಕಥೆ ಬೇರೆ. ಇಲ್ಲಿ ನಮಗೆ 85 ಪರ್ಸೆಂಟ್ ಹಾಜರಿ, ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್ ಅಂತ ಯಾರಾದರೂ ಬೆನ್ನು ಹತ್ತಿರುತ್ತಾರೆ ಅಲ್ವಾ? ಅಲ್ಲಿ ಕ್ಲಾಸಿಗೆ ಬಂದೆಯಾ ಅಂತಲೂ ಕೇಳಲ್ಲ. ಆದರೆ ವಾರವಾರ ಲೆಕ್ಕದ ಹಾಳೆ ಕೊಡುತ್ತಾರೆ, ನನ್ನ ವಿಷಯಗಳಲ್ಲಿ ಅದರಲ್ಲಿ ಅರ್ಧದಷ್ಟು ಅಂಕ ಬಂದರೆ ಮಾತ್ರ ಪರೀಕ್ಷೆಗೆ ಅರ್ಹತೆ. ಆಟೊಮ್ಯಾಟಾ ಥಿಯರಿಯಲ್ಲಿ ಬರುವ ಪಂಪಿಂಗ್ ಲೆಮ್ಮಾ ಅನ್ನೋ ಪ್ರಮೇಯ ಇಲ್ಲಿ ಹತ್ತು ಮಾರ್ಕ್ಸಿನ ಪ್ರಶ್ನೆ, ಒಂದೇ ಉದಾಹರಣೆ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆವು. ಅಲ್ಲಿ ಅದನ್ನೇ ತಿರುಚಿ, ತಲೆಕೆಳಗು ಮಾಡಿ ಕೇಳಿದರು. ಮೊದಲ ಹಾಳೆಗೆ ಇಪ್ಪತ್ತಕ್ಕೆ ಮೂರು ಬಂತು. ರಾತ್ರಿ ಒಂದು ಗಂಟೆವರೆಗೆ ಕೂತು ಕೂತು ಕೊನೆಗೆ 58 ಪರ್ಸೆಂಟ್ ಮುಟ್ಟಿಸಿದೆ. ಆ ಖುಷಿಯಲ್ಲೇ ಮೈಮರೆತೆ ಅನಿಸುತ್ತದೆ.

ನವೆಂಬರ್ ಕೊನೆಯಲ್ಲಿ ಯೂನಿವರ್ಸಿಟಿ ಮೇಲ್‌ಗೆ ಒಂದು ಪತ್ರ ಬಂತು, ಪೂರ್ತಿ ಜರ್ಮನ್. ನಾನು ಒಲೆ ಮೇಲೆ ಸಾರು ಇಟ್ಟು ಮೊಬೈಲ್ ನೋಡುತ್ತಿದ್ದೆ. ತಲೆಬರಹದಲ್ಲಿ ಒಂದು ಗಜ ಉದ್ದದ ಪದ, ಅದರ ಬಾಲದಲ್ಲಿ 'ಆನ್‌ಮೆಲ್ಡುಂಗ್'. ಓ, ಇದು ಆಗಲೇ ಆಗಿದೆಯಲ್ಲ, ಕಾಗದವೂ ಇದೆ ಅಂದುಕೊಂಡು ಮುಚ್ಚಿಬಿಟ್ಟೆ. ಆ ಉದ್ದ ಪದ 'ಪ್ರ್ಯೂಫುಂಗ್ಸ್‌ಆನ್‌ಮೆಲ್ಡುಂಗ್', ಅಂದರೆ ಪರೀಕ್ಷೆಗೆ ಹೆಸರು ನೋಂದಾಯಿಸುವುದು. ಪಾಠದ ಪೋರ್ಟಲ್ ಬೇರೆ, ಪರೀಕ್ಷೆಯ ಪೋರ್ಟಲ್ ಬೇರೆ. ಮೊದಲನೆಯದರಲ್ಲಿ ನನ್ನ ಹೆಸರು, ಹಾಳೆ, ಅಂಕ ಎಲ್ಲಾ ಕಾಣುತ್ತಿತ್ತು. ಎರಡನೆಯದನ್ನು ನಾನು ಒಂದು ಸಲವೂ ತೆರೆದಿರಲಿಲ್ಲ.

ಫೆಬ್ರವರಿಯಲ್ಲಿ ಮೊದಲ ಪರೀಕ್ಷೆ. ಬಾಗಿಲ ಹತ್ತಿರ ಒಬ್ಬರು ಪಟ್ಟಿ ಹಿಡಿದು ನಿಂತಿದ್ದರು. ನನ್ನ ಕಾರ್ಡ್ ನೋಡಿದರು, ಪಟ್ಟಿ ಮೇಲೆ ಬೆರಳು ಇಳಿಸಿದರು, ಮತ್ತೆ ಮೇಲಿಂದ ಇಳಿಸಿದರು. "ಸಾರಿ" ಅಂದರು, ಅಷ್ಟೇ. 58 ಪರ್ಸೆಂಟ್ ಇದೆ ಅಂತ ಮೊಬೈಲ್ ತೋರಿಸಿದೆ. ತಲೆ ಆಡಿಸಿ ಹಿಂದಿನವರ ಕಾರ್ಡ್ ಕೇಳಿದರು.

ಪರೀಕ್ಷೆ ಆಫೀಸಿಗೆ ಓಡಿದೆ. ಅದು ತೆರೆಯುವುದೇ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ. ಕೊನೆಯ ದಿನ ಡಿಸೆಂಬರ್‌ನಲ್ಲೇ ಮುಗಿದಿತ್ತು. ನಮ್ಮಲ್ಲಿ ಫೀಸಿನ ದಿನ ದಾಟಿದರೆ ದಂಡ ಕಟ್ಟಿ, ಎಚ್‌ಒಡಿ ಸಹಿ ಹಾಕಿಸಿ ಹೇಗೋ ದಾರಿ ಮಾಡಿಕೊಳ್ಳುತ್ತೇವೆ. ಅಲ್ಲಿ ದಂಡ ಕಟ್ಟುವ ಕಿಟಕಿಯೇ ಇರಲಿಲ್ಲ. ಮರುಪರೀಕ್ಷೆ ಏಪ್ರಿಲ್‌ನಲ್ಲಿ, ನನ್ನ ವೀಸಾ ಮಾರ್ಚ್ ಕೊನೆವರೆಗೆ. ನಾಲ್ಕು ವಿಷಯದಲ್ಲಿ ಮೂರು ಹೋದವು. ಪರೀಕ್ಷೆ ಇಲ್ಲದ ಲ್ಯಾಬ್ ಪ್ರಾಜೆಕ್ಟ್ ಒಂದು ಉಳಿಯಿತು, 1.7 ಬಂತು. ಅಲ್ಲಿ 1.0 ಎಲ್ಲಕ್ಕಿಂತ ಮೇಲಿನ ಗ್ರೇಡ್. ಅಪ್ಪನಿಗೆ ಅದು ಅರ್ಥ ಮಾಡಿಸೋದೇ ಒಂದು ಕೆಲಸವಾಯಿತು.

ಇಲ್ಲಿಗೆ ಬಂದ ಮೇಲೆ ಆ ಒಂದೂ ದಕ್ಕಲಿಲ್ಲ. ಹೋಗುವಾಗ "ಮಾಡಿಕೊಂಡು ಬಾ, ಅಡ್ಜಸ್ಟ್ ಮಾಡೋಣ" ಅಂದಿದ್ದ ನಮ್ಮ ಕಾಲೇಜಿನವರು ಈಗ ಸಿಲಬಸ್ ಹೊಂದುವುದಿಲ್ಲ ಅಂದರು. ಯಾವ ವಿಷಯಕ್ಕೆ ಯಾವುದು ಸಮ ಅಂತ ಬರೆದು ಎರಡೂ ಕಡೆ ಸಹಿ ಹಾಕುವ ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದಿದೆ. ನನ್ನದರಲ್ಲಿ ನಮ್ಮ ಕಡೆಯ ಸಹಿ ಜಾಗ ಖಾಲಿ ಇತ್ತು. ಆ ಸಹಿ ಬೀಳದೆ ಟಿಕೆಟ್ ಬುಕ್ ಮಾಡಬೇಡಿ, ಮಾಡಬೇಡಿ. ಹೋದ ಮೊದಲ ವಾರವೇ ಪರೀಕ್ಷೆಯ ಪೋರ್ಟಲ್ ಯಾವುದು ಅಂತ ಸೀನಿಯರ್ ಒಬ್ಬರನ್ನು ಹಿಡಿದು ಕೇಳಿ. ಹೆಸರು ಹಾಕಿದ ಮೇಲೆ ಬರುವ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಜರ್ಮನ್ ಮೇಲ್ ಬಂದರೆ ಸುಮ್ನೆ ಊಹೆ ಮಾಡದೆ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ, ಸಾರು ಉಕ್ಕಿದರೆ ಉಕ್ಕಲಿ.

ನಾನೀಗ ಜೂನಿಯರ್‌ಗಳ ಜೊತೆ ಕೂತು ಅದೇ ಸೆಮಿಸ್ಟರ್ ಓದುತ್ತಿದ್ದೇನೆ. ಈ ಅಕ್ಟೋಬರ್‌ಗೆ ಹೋಗುವವರು ಯಾರಾದರೂ ಇದ್ದರೆ ಸಂಜೆ ವಿದ್ಯಾನಗರದ ಕಡೆ ಬನ್ನಿ, ಮಂಡಕ್ಕಿ ಮಿರ್ಚಿ ನಿಮ್ಮ ಲೆಕ್ಕದಲ್ಲಿ. ಆ ಮೇಲ್ ಇನ್ನೂ ಅಳಿಸಿಲ್ಲ, ಹೇಗಿರುತ್ತದೆ ಅಂತ ತೋರಿಸುತ್ತೇನೆ.