ಟ್ಯಾಬ್ಲೆಟ್‌ನಲ್ಲಿ ಹಾಡು ಕಟ್ಟಲು ಯಾವ ಆ್ಯಪ್? ಮಿಶ್ರ ಛಾಪು ಹಾಕಿ ನೋಡಿದಾಗ

ವಚನ, ಭಾವಗೀತೆಗಳಿಗೆ ರಾಗ ಹಾಕುವವರಿಗೆ ಆ್ಯಪ್‌ನಲ್ಲಿ ಎಷ್ಟು ವಾದ್ಯಗಳಿವೆ ಎಂಬುದು ಕೊನೆಯ ಪ್ರಶ್ನೆಯಾಗಬೇಕು. ಮಿಶ್ರ ಛಾಪುವಿನಂಥ ಏಳು ಎಣಿಕೆಯ ತಾಳ ಅದರಲ್ಲಿ ಸರಿಯಾಗಿ ಕೂರುತ್ತದೆಯೇ, ಹಾಡುವಾಗ ನಮ್ಮ ದನಿ ತಡವಿಲ್ಲದೆ ಕಿವಿಗೆ ಬರುತ್ತದೆಯೇ? ಈ ಎರಡರಲ್ಲಿ ಸೋತ ಆ್ಯಪ್ ನಮ್ಮ ಕೆಲಸಕ್ಕೆ ಒದಗುವುದಿಲ್ಲ. ಹಾಗಾಗಿ ಗ್ಯಾರೇಜ್‌ಬ್ಯಾಂಡ್, ಕ್ಯೂಬೇಸಿಸ್ 3, ಐಪ್ಯಾಡ್‌ನ ಲಾಜಿಕ್ ಪ್ರೊ, ಎಫ್‌ಎಲ್ ಸ್ಟುಡಿಯೊ ಮೊಬೈಲ್ ಈ ನಾಲ್ಕರಲ್ಲೂ ಒಂದೇ ಹಾಡನ್ನು ಕಟ್ಟಿ ನೋಡಿದೆ. ಮಿಶ್ರ ಛಾಪು ತಾಳ, ತಂಬೂರಿ, ಹಾರ್ಮೋನಿಯಂ, ಒಂದು ಕಂಠ, ಅಷ್ಟೇ.

ಗ್ಯಾರೇಜ್‌ಬ್ಯಾಂಡ್ 2011ರಲ್ಲಿ ಐಪ್ಯಾಡ್‌ಗೆ ಬಂತು, 2017ರಿಂದ ಎಲ್ಲರಿಗೂ ಉಚಿತ. ತೆರೆದ ಕೂಡಲೇ ಹಾಡಿ ಮುದ್ರಿಸಿಕೊಳ್ಳಬಹುದು. ಆ ಸರಾಗವನ್ನು ಉಳಿದ ಮೂರರಲ್ಲಿ ನಾನು ಕಾಣಲಿಲ್ಲ. ಕೀಲಿಮಣೆಯನ್ನು ಪಿಚ್ ಎಂಬ ಆಯ್ಕೆಗೆ ತಿರುಗಿಸಿದರೆ ಬೆರಳು ಜಾರಿಸಿ ಸ್ವರವನ್ನು ಬಾಗಿಸಬಹುದು. ಪೂರ್ತಿ ಗಮಕವಲ್ಲದಿದ್ದರೂ ಒಂದು ಜಾರು ಹಿಡಿಯಲು ಸಾಕು. ತೊಡಕಿರುವುದು ತಾಳದಲ್ಲಿ. ಐಪ್ಯಾಡ್ ಆವೃತ್ತಿಯಲ್ಲಿರುವುದು ನಾಲ್ಕರ, ಮೂರರ, ಆರರ ಲೆಕ್ಕ ಮಾತ್ರ. ಎಂಟು ಎಣಿಕೆಯ ಆದಿ ತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು, ಆ್ಯಪ್ ಗೆರೆ ಎಳೆದು ತೋರಿಸುವ ನಾಲ್ಕರ ಎರಡು ಬಾರ್‌ಗಳಲ್ಲಿ ಹಿಡಿಯುತ್ತದೆ, ರೂಪಕವನ್ನು ಮೂರರಲ್ಲಿ ಕೂರಿಸಬಹುದು. ತಕಿಟ ತಕಧಿಮಿ ಎಂದು ಏಳು ಎಣಿಸಿದರೆ ಎರಡನೆಯ ಆವರ್ತಕ್ಕೇ ಗೆರೆ ತಪ್ಪುತ್ತದೆ.

ಇದಕ್ಕೊಂದು ದಾರಿ ಇದೆ. ಏಳರ ನಾಲ್ಕು ಆವರ್ತಗಳೆಂದರೆ ಇಪ್ಪತ್ತೆಂಟು ಎಣಿಕೆ, ಅಂದರೆ ನಾಲ್ಕರ ಏಳು ಬಾರ್. ಹಾಡಿನ ಪ್ರತಿ ಭಾಗವನ್ನೂ ಏಳು ಬಾರ್‌ನ ಗುಣಕಗಳಲ್ಲಿ ಇಟ್ಟರೆ ನಾಲ್ಕು ಆವರ್ತಕ್ಕೊಮ್ಮೆ ಸಮ (ಆವರ್ತದ ಮೊದಲ ಎಣಿಕೆ) ಮತ್ತು ಬಾರ್ ಗೆರೆ ಕೂಡಿಕೊಳ್ಳುತ್ತವೆ. ಐದು ಎಣಿಕೆಯ ಖಂಡ ಛಾಪುವಿಗೆ ಇದೇ ಲೆಕ್ಕದಲ್ಲಿ ಐದು ಬಾರ್. ಆ್ಯಪ್‌ನ ಮೆಟ್ರೊನೋಮ್ ನಿಲ್ಲಿಸಿ, ಕೈತಾಳವನ್ನೇ ಒಂದು ಟ್ರ್ಯಾಕ್‌ನಲ್ಲಿ ಮುದ್ರಿಸಿಕೊಂಡು ಅದನ್ನು ಕೇಳುತ್ತ ಹಾಡಿದರೆ ಕೆಲಸ ಸಾಗುತ್ತದೆ. ಸಣ್ಣ ಹಾಡಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಚರಣಗಳು ಹೆಚ್ಚಾದಂತೆ, ನಡುವೆ ಒಂದು ಆವರ್ತ ಸೇರಿಸಬೇಕೆನಿಸಿದಾಗ, ಎಲ್ಲ ಲೆಕ್ಕವನ್ನೂ ಮತ್ತೆ ಹಾಕಬೇಕು.

ಕ್ಯೂಬೇಸಿಸ್ ಮತ್ತು ಲಾಜಿಕ್‌ನಲ್ಲಿ ಏಳನ್ನು ಏಳಾಗಿಯೇ ಇಡಬಹುದು. ಇಲ್ಲಿಂದ ಮುಂದೆ ನನ್ನ ಒಲವು ಕ್ಯೂಬೇಸಿಸ್ ಕಡೆಗೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ಈ ಆ್ಯಪ್‌ಗೆ ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಅದರ ಮಿಕ್ಸರ್ ತೆರೆಯನ್ನು ತುಂಬಿ ನಿಲ್ಲುತ್ತದೆ. ತಂಬೂರಿಯನ್ನು ಕಂಠದ ಕೆಳಗೆ ಎಷ್ಟು ಇಡಬೇಕು ಎಂಬ ಸೂಕ್ಷ್ಮವನ್ನು ಬೆರಳ ತುದಿಯಲ್ಲೇ ತೀರ್ಮಾನಿಸಬಹುದು. ಲಾಜಿಕ್ 2023ರ ಮೇ ತಿಂಗಳಲ್ಲಿ ಬಂದಾಗ ಅದರ ದರ ತಿಂಗಳಿಗೆ 4.99 ಡಾಲರ್ ಇತ್ತು. ಕಂಠಕ್ಕೆ ಅನುರಣನ ಕೊಡುವುದರಲ್ಲಿ ಅದು ಎಲ್ಲಕ್ಕಿಂತ ಮೇಲು, ದನಿಯ ಸುತ್ತ ಗುಡಿಯ ನವರಂಗದಂಥ ಗಾಳಿ ತುಂಬುತ್ತದೆ. ಮನೆಯಲ್ಲಿ ಮ್ಯಾಕ್ ಇದ್ದು ಅಲ್ಲಿಯೂ ಲಾಜಿಕ್ ಬಳಸುವವರು ಬೇರೇನೂ ಯೋಚಿಸಬೇಕಿಲ್ಲ. ವರ್ಷಕ್ಕೆ ನಾಲ್ಕೈದು ಹಾಡು ಕಟ್ಟುವವರು ಹಾಡಿಲ್ಲದ ತಿಂಗಳಿಗೂ ಹಣ ಕಟ್ಟುವುದು ನನಗೆ ಸರಿಕಾಣುವುದಿಲ್ಲ.

ನಾಲ್ಕಕ್ಕೂ ಅನ್ವಯಿಸುವ ಒಂದು ಮಾತು ಇದೆ. ಇವುಗಳ ಕೀಲಿಮಣೆಯ ಸ್ವರಗಳು ತಾನಾಗಿ ಬರುವುದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಪಾಶ್ಚಾತ್ಯ ಸಮವಿಭಾಗದ ಶ್ರುತಿಯಲ್ಲಿ. ತಂಬೂರಿಯಿಂದ ಹೊಮ್ಮುವ ಅಂತರ ಗಾಂಧಾರಕ್ಕಿಂತ ಅಲ್ಲಿನ ಗಾಂಧಾರ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಆ ಹನ್ನೆರಡರಲ್ಲಿ ಒಂದು ಭಾಗದ ನೂರನೆಯ ಒಂದು ಪಾಲು) ಎತ್ತರ. ಅದನ್ನು ತಂಬೂರಿಯ ಮೇಲೆ ದೀರ್ಘವಾಗಿ ಹಿಡಿದರೆ ಕಿವಿ ಸುಮ್ಮನಿರುವುದಿಲ್ಲ. ನಾನು ಹಿನ್ನೆಲೆಗೆ ಷಡ್ಜ, ಪಂಚಮಗಳನ್ನಷ್ಟೇ ಇಟ್ಟು ಗಾಂಧಾರವನ್ನು ಕಂಠಕ್ಕೆ ಬಿಡುತ್ತೇನೆ.

ಎಫ್‌ಎಲ್ ಸ್ಟುಡಿಯೊ ಮೊಬೈಲ್ ತಾಳದ ತುಣುಕುಗಳನ್ನು ಹೆಣೆದು ಮೇಲೆ ಸ್ವರ ಹಾಕುವವರ ಆ್ಯಪ್. ನೃತ್ಯದ ಹಾಡಿಗೆ ಬಹಳ ಒಳ್ಳೆಯದು, ವಚನಕ್ಕೆ ಹೊಂದುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಸಿಗುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಕ್ಯೂಬೇಸಿಸ್ ಕೂಡ ಸಿಗುತ್ತದೆ.

ಆಂಡ್ರಾಯ್ಡ್ ಟ್ಯಾಬ್ಲೆಟ್ ಇರುವವರು ದನಿಯ ತಡವನ್ನು ಮೊದಲು ಪರೀಕ್ಷಿಸಿಕೊಳ್ಳಿ. ಅದು ಆ್ಯಪ್‌ಗಿಂತ ಸಾಧನವನ್ನೇ ಹೆಚ್ಚು ಅವಲಂಬಿಸುತ್ತದೆ, ಒಂದು ಮಾದರಿಯಂತೆ ಇನ್ನೊಂದಿಲ್ಲ. ಯಾವ ಟ್ಯಾಬ್ಲೆಟ್ ಆದರೂ ಮುದ್ರಿಸುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರ ತಡವೇ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ, ಅಷ್ಟರಲ್ಲಿ ಎತ್ತುಗಡೆ, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಜಾರಿಹೋಗಿರುತ್ತದೆ. ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ.

ಹಳೆಯ ಐಪ್ಯಾಡ್ ಕೊಳ್ಳುವ ಯೋಚನೆಯಲ್ಲಿದ್ದರೆ ಚಿಪ್ ಕೇಳಿ ಕೊಳ್ಳಿ. ಲಾಜಿಕ್ ಬಿಡುಗಡೆಯಾದಾಗಲೇ ಕನಿಷ್ಠ ಎ12 ಬೇಕಿತ್ತು. 2019ರ ಏಳನೆಯ ತಲೆಮಾರಿನ ಐಪ್ಯಾಡ್‌ನಲ್ಲಿರುವುದು ಎ10.